ದೊಡ್ಡಮ್ಮ ದೊಡ್ಡವಳಲ್ಲ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸರ್ವರಮ್ಮ ಎಂದು. ಸರ್ವರ್ ನೋಡಿಕೊಳ್ಳುವ ಅಮ್ಮ, ಅದಕ್ಕೆ ಸರ್ವರಮ್ಮ. ಸರ್ವರಿಗೂ ಅಮ್ಮ ಎಂದು ಯಾರಾದರೂ ಅರ್ಥ ಹಚ್ಚಿಕೊಂಡರೂ ಅವಳೇನು ಬೇಡ ಅನ್ನುವವಳಲ್ಲ. ಹೆಸರಿಟ್ಟವನು ಔಷಧಿ ಕೌಂಟರಿನವನು. ಯಾವತ್ತೋ ಬಿಲ್ಲು ಬರದೆ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಾಗ "ಯಾರಾದ್ರೂ ಆ ಸರ್ವರಮ್ಮನ್ನ ಕರೀರಪ್ಪೋ" ಎಂದು ಬಾಯಿ ಬಡಿದುಕೊಂಡ. ಅಂದಿನಿಂದ ಸಂಬಳದ ಚೀಟಿಯಲ್ಲಿದ್ದ ಹೆಸರು ಸಂಬಳದ ಚೀಟಿಯಲ್ಲೇ ಉಳಿಯಿತು. ಮನೆಯಲ್ಲಿ ಅತ್ತೆಯದು ಇನ್ನೊಂದು ಕಥೆ. ಸೊಸೆಗೆ ಆಸ್ಪತ್ರೆಯಲ್ಲಿ ಸರ್ವರ್ ಕೆಲಸ ಎಂದು ಅವರು ಹೆಮ್ಮೆಯಿಂದ ಹೇಳಿಕೊಂಡರೆ, ಪಕ್ಕದ ಮನೆಯಾಕೆ "ಓಹೋ, ಅಲ್ಲಿ ಕ್ಯಾಂಟೀನೂ ಇದೆಯಾ?" ಎಂದು ಕೇಳಿದಳಂತೆ. ಆಮೇಲೆ ಎಷ್ಟೋ ದಿನ ಅತ್ತೆ ಆ ಕಡೆಯ ಕಿಟಕಿಯನ್ನೇ ತೆಗೆಯಲಿಲ್ಲ.

ಅವಳು ಮೊದಲು ಬಂದದ್ದು ದಾಖಲಾತಿ ಕೌಂಟರಿನಲ್ಲಿ ರೋಗಿಗಳ ಹೆಸರು, ವಯಸ್ಸು ಟೈಪ್ ಮಾಡಲು. ಕಂಪ್ಯೂಟರು ಕೈಕೊಟ್ಟಾಗಲೆಲ್ಲ ನೆಲಮಾಳಿಗೆಯಿಂದ ಒಬ್ಬರು ಹತ್ತಿ ಬರುವರು, ಏನೋ ಕುಟ್ಟುವರು, ತುಟಿ ಬಿಚ್ಚದೆ ಇಳಿದು ಹೋಗುವರು. ಏನು ಮಾಡಿದಿರಿ ಎಂದು ಕೇಳಿದರೆ "ಸರಿಯಾಯ್ತಲ್ಲ?" ಎಂಬ ಉತ್ತರ. ಅವರೇ ಹಳೇ ಸಾಹೇಬರು. ಈ "ಸರಿಯಾಯ್ತಲ್ಲ" ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡೇ ನೆಲಮಾಳಿಗೆಗೆ ಇಳಿದಳು. ಕಲಿಸಿಕೊಡಿ ಎಂದು ಗೋಗರೆಯಲಿಲ್ಲ. ಬಾಗಿಲ ಬಳಿ ಸ್ಟೂಲು ಎಳೆದುಕೊಂಡು, ಉಣ್ಣುತ್ತಾ ನೋಡುತ್ತಾ ಕೂತಳು. ಮರುದಿನವೂ ಅಷ್ಟೇ. ಸಾಹೇಬರು ಗೊಣಗಿದರು, ಗದರಿದರು, ಬಾಗಿಲು ಹಾಕಿಕೊಂಡೂ ನೋಡಿದರು. ಅವಳು ಬಾಗಿಲ ಹೊರಗೆ ಕೂತು ಉಂಡಳು. ಕೊನೆಗೆ ಅವರೇ ಸೋತು "ಆ ವೈರು ಹಿಡ್ಕೋ" ಅಂದರು. ಅವಳ ವಿದ್ಯಾಭ್ಯಾಸ ಶುರುವಾದದ್ದು ಹಾಗೆ.

ಆ ಕೋಣೆ ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿತ್ತು. ಗೋಡೆಯಾಚೆ ದಿನವಿಡೀ ಬೆಡ್‌ಶೀಟುಗಳು ದಬದಬ ತಿರುಗುತ್ತಿದ್ದವು, ಈಚೆ ಕಬ್ಬಿಣದ ಕಪಾಟುಗಳಲ್ಲಿ ಮಿಷನ್ನುಗಳು ಗುಂಯ್ ಎನ್ನುತ್ತಿದ್ದವು. ಸೋಪಿನ ವಾಸನೆ ಬಾಗಿಲ ಸಂದಿಯಿಂದ ನುಗ್ಗಿ ಬರುತ್ತಿತ್ತು. ಮಿಷನ್ನುಗಳಿಗೆ ಸೆಕೆ ಆಗಬಾರದೆಂದು ಎ.ಸಿ. ಎಷ್ಟು ಜೋರಾಗಿತ್ತೆಂದರೆ ಅಲ್ಲಿ ಕೂರುವ ಮನುಷ್ಯರು ಬೇಸಿಗೆಯಲ್ಲೂ ಸ್ವೆಟರು ಹಾಕಬೇಕಿತ್ತು. ಮನುಷ್ಯರ ಚಿಂತೆ ಯಾರಿಗಿದೆ!

ಹಳೇ ಸಾಹೇಬರು ಮದುವೆಯಾಗಿರಲಿಲ್ಲ. ಹಿಂದೆ ಮುಂದೆ ಯಾರೂ ಇರಲಿಲ್ಲ. ಅದಕ್ಕೋ ಏನೋ, ಮಿಷನ್ನುಗಳನ್ನೇ ಬಂಧುಬಳಗ ಮಾಡಿಕೊಂಡಿದ್ದರು. ಬಿಲ್ಲಿನ ಮಿಷನ್ನು ದೊಡ್ಡಪ್ಪ. ಎಕ್ಸ್‌ರೇ ಚಿತ್ರಗಳನ್ನು ಇಟ್ಟುಕೊಳ್ಳುವುದು ಮಾವ. ಹೊರರೋಗಿಗಳ ಸರದಿ ನೋಡಿಕೊಳ್ಳುವವಳು ಚಿಕ್ಕಮ್ಮ. ಔಷಧಿ ಲೆಕ್ಕದ್ದು ಚಿಕ್ಕಪ್ಪ. ರಕ್ತಪರೀಕ್ಷೆಯ ಲ್ಯಾಬಿನದು ದೊಡ್ಡಮ್ಮ. ಹೊಸಬರು ಆ ಕಡೆ ಬಂದರೆ ಬೆಚ್ಚಿ ಬೀಳಬೇಕು: "ಮಾವ ಬೆಳಗ್ಗಿಂದ ಎದ್ದಿಲ್ಲ, ಒಂದ್ಸಲ ಪ್ಲಗ್ ಕಿತ್ತು ಹಾಕು" ಎಂದು ಒಬ್ಬರು, "ಚಿಕ್ಕಮ್ಮಂಗೆ ತುಂಬಾ ಬಿಸಿಯಾಗಿದೆ, ಮುಚ್ಚಳ ತೆಗೀರಿ" ಎಂದು ಇನ್ನೊಬ್ಬರು. ಸಾಹೇಬರು ನಿವೃತ್ತರಾಗಿ ಹೋಗುವ ಹೊತ್ತಿಗೆ ಸಂಬಂಧಗಳೆಲ್ಲ ಖರ್ಚಾಗಿ ಹೆಸರು ಷಡ್ಡಕನವರೆಗೆ ಬಂದು ನಿಂತಿತ್ತು. ಹೋಗುವ ದಿನ ಬೀಗದ ಕೈ ಅವಳ ಅಂಗೈಯಲ್ಲಿಟ್ಟು "ನೋಡ್ಕೋ" ಅಂದರು. ಅವರ ಬಾಯಲ್ಲಿ ಅದು ಭಾಷಣಕ್ಕೆ ಸಮ.

ಆಮೇಲೆ ಆಸ್ಪತ್ರೆ ಬೆಳೆಯಿತು. ಹೊಸ ಕಟ್ಟಡ ಬಂತು, ಪ್ರತಿ ವಿಭಾಗಕ್ಕೂ ಮಿಷನ್ನು ಬಂತು. ಒಂದೊಂದನ್ನೂ ಕೈಯಿಂದ ಸರಿಮಾಡುತ್ತಾ ಕೂತರೆ ಕೊನೆಯದನ್ನು ತಲುಪುವಷ್ಟರಲ್ಲಿ ಮೊದಲಿನದು ಮತ್ತೆ ಕೆಟ್ಟಿರುತ್ತಿತ್ತು. ಸರ್ವರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊಸ ವಿದ್ಯೆಗೆ ಕೈ ಹಾಕಿದಳು. ಒಂದು ಕಡೆ ಕೂತು ಯಾವ ಮಿಷನ್ನು ಹೇಗಿರಬೇಕೆಂದು ಬರೆದಿಟ್ಟರೆ ಸಾಕು. ಒಂದು ಸಾಫ್ಟ್‌ವೇರು ತಾನೇ ಎಲ್ಲ ಮಿಷನ್ನುಗಳ ಬಾಗಿಲು ತಟ್ಟುತ್ತದೆ, "ನಿನ್ನಲ್ಲಿ ಮೆಮೊರಿ ಎಷ್ಟು, ಡಿಸ್ಕಿನಲ್ಲಿ ಜಾಗ ಎಷ್ಟು" ಎಂದು ವಿಚಾರಿಸುತ್ತದೆ, ಬರೆದಂತೆ ಸರಿಮಾಡಿ ಮುಂದಿನ ಬಾಗಿಲಿಗೆ ಹೋಗುತ್ತದೆ. ಅದನ್ನು ಕಲಿಯುವಷ್ಟರಲ್ಲಿ ಅವಳ ತಲೆಕೂದಲು ಅರ್ಧ ಬೆಳ್ಳಗಾಯಿತು. ಆದರೆ ಕಲಿತಳು.

ಕಲಿತ ಮೇಲೆಯೇ ಎಡವಿದ್ದು. ಹೊಸದಾಗಿ ಬಂದ ಮಿಷನ್ನುಗಳಿಗೆ ಇಡಲು ಸಂಬಂಧಗಳು ಉಳಿದಿರಲಿಲ್ಲವಲ್ಲ, ಅವಳು ಸುಲಭ ಮಾಡಿಕೊಂಡಿದ್ದಳು: ಶಕ್ತಿ ಜಾಸ್ತಿ ಇದ್ದವಕ್ಕೆ ದೊಡ್ಡ-ಒಂದು, ದೊಡ್ಡ-ಎರಡು, ಕಡಿಮೆ ಇದ್ದವಕ್ಕೆ ಚಿಕ್ಕ-ಒಂದು, ಚಿಕ್ಕ-ಎರಡು. ಸಾಫ್ಟ್‌ವೇರಿಗೂ ಹಾಗೇ ಬರೆದಳು. ಯಾರ ಹೆಸರು "ದೊಡ್ಡ" ಎಂದು ಶುರುವಾಗುತ್ತದೋ ಅದು ಭಾರಿ ಕೆಲಸದ ಮಿಷನ್ನು, ಇಷ್ಟು ಮೆಮೊರಿಯನ್ನು ಮೊದಲೇ ಕಾದಿಟ್ಟುಕೊಳ್ಳಲು ಅದಕ್ಕೆ ಹೇಳು. ಬರೆದು, ಗುಂಡಿ ಒತ್ತಿ, ಟೀ ಕುಡಿಯಲು ಮೇಲೆ ಹೋದಳು.

ಸಾಫ್ಟ್‌ವೇರು ದೊಡ್ಡ-ಒಂದಕ್ಕೆ ಹೋಯಿತು, ಸರಿ. ದೊಡ್ಡ-ಎರಡಕ್ಕೆ ಹೋಯಿತು, ಸರಿ. ದೊಡ್ಡಪ್ಪನ ಬಾಗಿಲನ್ನೂ ತಟ್ಟಿತು. ಅವನು ಗಟ್ಟಿ ಆಸಾಮಿ, ತಡೆದುಕೊಂಡ. ಆಮೇಲೆ ದೊಡ್ಡಮ್ಮನ ಹತ್ತಿರ ಹೋಯಿತು. ದೊಡ್ಡಮ್ಮ ಆ ಕೋಣೆಯಲ್ಲೇ ಅತ್ಯಂತ ಹಳೆಯ, ಅತ್ಯಂತ ಬಡಕಲು ಮಿಷನ್ನು. ಇಲ್ಲದ ಮೆಮೊರಿಯನ್ನು ಕಾದಿಟ್ಟುಕೋ ಎಂದರೆ ಅವಳೆಲ್ಲಿಂದ ತಂದಾಳು? ಉಸಿರು ಕಟ್ಟಿ ಮಲಗಿಬಿಟ್ಟಳು.

ಲ್ಯಾಬಿನಲ್ಲಿ ಇದ್ದವಳು ಬೇರೆ ಯಾರೂ ಅಲ್ಲ, ಸರ್ವರಮ್ಮನ ನಾದಿನಿ. ಗಂಡನ ತಂಗಿ, ಒಂದೇ ಮನೆ, ಒಂದೇ ಬಸ್ಸು, ಒಂದೇ ಆಸ್ಪತ್ರೆ. ಅವತ್ತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ರಿಪೋರ್ಟೂ ಹೊರಬರಲಿಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟವರೆಲ್ಲ ಕಿಟಕಿಗೆ ಮುಗಿಬಿದ್ದರು. ಶಸ್ತ್ರಚಿಕಿತ್ಸೆಯ ಡಾಕ್ಟರೊಬ್ಬರು ಬಂದು ಜನರೆದುರೇ ನಾದಿನಿಗೆ ಬಾಯಿಗೆ ಬಂದಂತೆ ಬೈದರು. ಅವಳು ಮಿಷನ್ನಿನ ಮೇಲೆ ಹೇಳಲಿಲ್ಲ, ಅತ್ತಿಗೆಯ ಮೇಲೂ ಹೇಳಲಿಲ್ಲ. ಹಲ್ಲು ಕಚ್ಚಿಕೊಂಡು ಒಂದೊಂದೇ ಗಾಜಿನ ಕೊಳವೆ ಹಿಡಿದು ಕೈಯಲ್ಲೇ ಪರೀಕ್ಷೆ ಮಾಡುತ್ತಾ ಹೋದಳು.

ಮರುದಿನ ನಿರ್ದೇಶಕರ ಕೋಣೆಯಲ್ಲಿ ಸಭೆ. ನಿರ್ದೇಶಕರು ಕಣ್ಣಿನ ಡಾಕ್ಟರು, ಕೆಟ್ಟ ಮನುಷ್ಯರಲ್ಲ. ಆದರೆ ಯಾವುದನ್ನೇ ಆಗಲಿ ಬೇಗ ಮುಗಿಸಿ ಪಕ್ಕಕ್ಕಿಡುವ ಸ್ವಭಾವ. ಪಕ್ಕದಲ್ಲಿ ಹೊರಗಿನ ಕಂಪ್ಯೂಟರ್ ಏಜೆನ್ಸಿಯೊಂದರ ಪ್ರತಿನಿಧಿ ಟೈ ಕಟ್ಟಿಕೊಂಡು ಕೂತಿದ್ದ.

"ಏನಾಯ್ತು?" ಎಂದರು ನಿರ್ದೇಶಕರು.

"ನನ್ನ ತಪ್ಪು ಸರ್. ಹೆಸರು ನೋಡಿ ಮಿಷನ್ ಅಳೆದೆ. ದೊಡ್ಡಮ್ಮ ಅಂದ್ರೆ ದೊಡ್ಡದು ಅಂತ ಸಾಫ್ಟ್‌ವೇರ್ ಅಂದ್ಕೊಳ್ತು."

ಏಜೆನ್ಸಿಯವನು ಕಿಸಕ್ಕೆಂದು ನಕ್ಕ. ನಿರ್ದೇಶಕರಿಗೂ ನಗು ಬಂತು, ಆದರೆ ನುಂಗಿಕೊಂಡರು. "ನೋಡೀಮ್ಮಾ, ಇವರು ಎಲ್ಲಾನೂ ನಾವೇ ದೂರದಿಂದ ನೋಡ್ಕೋತೀವಿ ಅಂತಿದ್ದಾರೆ. ನೀವು ಮತ್ತೆ ದಾಖಲಾತಿ ಕೌಂಟರ್‌ಗೆ ಹೋಗಬಹುದು, ಸಂಬಳ ಅಷ್ಟೇ ಇರುತ್ತೆ. ಆ ಕೋಣೆಗೆ ಬೀಗ ಹಾಕೋಣ."

ಸಂಬಳ ಅಷ್ಟೇ ಇರುತ್ತದಂತೆ! ಇಷ್ಟು ವರ್ಷ ಸ್ವೆಟರು ಹಾಕಿಕೊಂಡು ಆ ಚಳಿಯಲ್ಲಿ ಕೂತದ್ದು ಸಂಬಳಕ್ಕೇನು? ಅದು ಅವಳ ಕೋಣೆ. ಯಾವ ಮಿಷನ್ನು ಯಾವ ದನಿಯಲ್ಲಿ ನರಳುತ್ತದೆ ಎಂದು ಬಾಗಿಲ ಹೊರಗಿನಿಂದಲೇ ಹೇಳಬಲ್ಲವಳು ಅವಳು. ಇನ್ನು ಮುಂದೆ ಮತ್ತೆ ಹೆಸರು, ವಯಸ್ಸು, ವಿಳಾಸ ಟೈಪ್ ಮಾಡುತ್ತಾ ಕೂರಬೇಕೇ?

"ಒಂದು ಅವಕಾಶ ಕೊಡಿ ಸರ್," ಎಂದಳು. ಬೇಡುವ ದನಿಯಲ್ಲ, ಬೇಕು ಅನ್ನುವ ದನಿ.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. ತಿಂಗಳ ಕೊನೆಯ ಶುಕ್ರವಾರದೊಳಗೆ ಎಲ್ಲ ಮಿಷನ್ನುಗಳಿಗೂ ಒಂದು ಸುರಕ್ಷತೆಯ ಅಪ್‌ಡೇಟ್ ಹಾಕಬೇಕಿತ್ತು, ಹಾಕಿದ ಮೇಲೆ ಒಂದೊಂದನ್ನೂ ಆರಿಸಿ ಮತ್ತೆ ಹೊತ್ತಿಸಬೇಕಿತ್ತು. "ಆಯ್ತು. ಆ ಶುಕ್ರವಾರ ಸಂಜೆ ಐದರೊಳಗೆ, ನನ್ನ ಎದುರಿಗೆ, ಯಾರ ಕೆಲಸಾನೂ ನಿಲ್ಲದ ಹಾಗೆ ನಿಮ್ಮ ಆಟೊಮೇಶನ್ ಇದನ್ನ ಮುಗಿಸ್ಬೇಕು. ಒಂದು ಮಿಷನ್ ಉಳಿದ್ರೂ ಐದಕ್ಕೆ ನಾನು ಇವರ ಒಪ್ಪಂದಕ್ಕೆ ಸಹಿ ಹಾಕ್ತೀನಿ."

"ಆಗ್ಲಿ ಸರ್," ಎಂದು ಎದ್ದಳು.

ಮನೆಯಲ್ಲಿ ಅಂದು ನಾದಿನಿ ತನ್ನ ತಟ್ಟೆ ಎತ್ತಿಕೊಂಡು ಕೋಣೆ ಸೇರಿದಳು. ಸರ್ವರಮ್ಮನ ಗಂಡ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವನು. ಎಲ್ಲಕ್ಕೂ ಒಂದು ತಿದ್ದುಪಡಿ ಅವನ ಹತ್ತಿರ ಸಿದ್ಧವಾಗಿರುತ್ತದೆ. "'ದೊಡ್ಡಮ್ಮ ಬಿಟ್ಟು' ಅಂತ ಒಂದು ಸಾಲು ಸೇರಿಸ್ಬಿಡು, ಮುಗೀತಲ್ಲ" ಅಂದ.

"ಸೇರಿಸಿದ್ದೀನಿ ರೀ. ಚಿಕ್ಕಪ್ಪನ್ನ ಬಿಟ್ಟು ಅಂತಾನೂ ಸೇರಿಸ್ದೆ, ಅವನು ಚಿಕ್ಕವನಲ್ಲ. ಚಿಕ್ಕಮ್ಮನ್ನ ಬಿಟ್ಟು. ಹೀಗೇ ಬಿಟ್ಟು ಬಿಟ್ಟು ಅಂತ ಹೋದ್ರೆ ಕೊನೇಗೆ ಆ ಸಾಫ್ಟ್‌ವೇರ್ ಮಾಡೋದಕ್ಕೆ ಏನೂ ಉಳಿಯಲ್ಲ."

ಸೊಪ್ಪು ಸೋಸುತ್ತಿದ್ದ ಅತ್ತೆಗೆ ಇದೊಂದೂ ತಲೆಗೆ ಹೋಗಲಿಲ್ಲ, ಆದರೆ ದೊಡ್ಡಮ್ಮ ಎಂಬುದು ಕಿವಿಗೆ ಬಿತ್ತು. "ಅಲ್ಲಾ, ದೊಡ್ಡಮ್ಮ ಅಂದ್ರೆ ದೊಡ್ಡವಳೇ ಆಗ್ಬೇಕು ಅಂತ ಯಾರಂದ್ರು ನಿಂಗೆ? ನಂಗೊಬ್ಬಳು ದೊಡ್ಡಮ್ಮ ಇದ್ಲು, ಕುರ್ಚಿ ಮೇಲೆ ಕೂತ್ರೆ ಕಾಲು ನೆಲಕ್ಕೆ ತಾಗ್ತಿರ್ಲಿಲ್ಲ. ಅಮ್ಮನ ಅಕ್ಕ ಆದ್ರೆ ದೊಡ್ಡಮ್ಮ ಅಷ್ಟೇ. ಎಷ್ಟು ಉದ್ದ ಎಷ್ಟು ಅಗಲ ಅಂತ ಅಲ್ಲಮ್ಮಾ, ಯಾರಿಗೆ ಏನಾಗ್ಬೇಕು ಅನ್ನೋದು ಮುಖ್ಯ" ಎಂದು ಗೊಣಗಿ, ಹುಳ ಹಿಡಿದ ಎಲೆಯೊಂದನ್ನು ಆಚೆ ಎಸೆದರು.

ಸರ್ವರಮ್ಮ ತುತ್ತು ಕೈಯಲ್ಲೇ ಹಿಡಿದು ಕೂತಳು. ಉದ್ದ ಅಗಲವನ್ನು ಮಿಷನ್ನು ತಾನೇ ಹೇಳುತ್ತದೆ, ಕೇಳಿದರೆ. ಯಾರಿಗೆ ಏನಾಗಬೇಕು ಎನ್ನುವುದನ್ನು ಮಾತ್ರ ಅದು ಹೇಳಲಾರದು, ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಅದು ತನ್ನ ತಲೆಯಲ್ಲಿದೆ, ಹಳೇ ಸಾಹೇಬರ ತಲೆಯಲ್ಲಿತ್ತು, ಲ್ಯಾಬಿನವರ, ಎಕ್ಸ್‌ರೇಯವರ ತಲೆಯಲ್ಲಿದೆ. ಹೇಳಿಕೊಟ್ಟರೆ? ಪ್ರತಿ ಮಿಷನ್ನಿನೊಳಗೂ ಅದರದೇ ಪರಿಚಯ ಬರೆದಿಟ್ಟರೆ, ಸಾಫ್ಟ್‌ವೇರು ಬಾಗಿಲು ತಟ್ಟಿದಾಗ ಮೆಮೊರಿಯ ಜೊತೆ ಅದನ್ನೂ ಓದಿಕೊಂಡು, ಆಮೇಲಷ್ಟೇ ಕೈ ಹಾಕುತ್ತದೆ. ಆ ಸಾಫ್ಟ್‌ವೇರಿನಲ್ಲಿ ಅದಕ್ಕೆಂದೇ ಒಂದು ಜಾಗ ಮೊದಲಿನಿಂದಲೂ ಇತ್ತು. ಇವಳು ಅದರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ತನಗೆ ತಾನೇ ಬೈದುಕೊಂಡು, ತಣ್ಣಗಾಗಿದ್ದ ತುತ್ತನ್ನು ಬಾಯಿಗಿಟ್ಟಳು.

ಮರುದಿನ "ಬಿಟ್ಟು, ಬಿಟ್ಟು" ಎಂಬ ಸಾಲುಗಳನ್ನೆಲ್ಲ ಅಳಿಸಿ ಹಾಕಿ, ವಿಭಾಗದಿಂದ ವಿಭಾಗಕ್ಕೆ ನಡೆದಳು. ಕೇಳಿದ್ದು ಇಷ್ಟೇ: ನಿಮ್ಮ ಮಿಷನ್ನು ಮಾಡುವ ಕೆಲಸ ಏನು, ಅದರ ವಿಷಯ ಯಾರನ್ನು ಕೇಳಬೇಕು, ಯಾವಾಗ ಮುಟ್ಟಬಾರದು.

ಎಕ್ಸ್‌ರೇಯವನು "ಯಾವತ್ತೂ ಮುಟ್ಬಾರ್ದು" ಅಂದ. ಔಷಧಿ ಕೌಂಟರಿನವನೂ ಅದನ್ನೇ ಅಂದ. ಹೆರಿಗೆ ವಾರ್ಡಿನ ಹಿರಿಯ ನರ್ಸು ಕೈ ಮುಗಿದು "ಸರ್ವರಮ್ಮಾ, ನಿಮ್ಮ ಸಹವಾಸಾನೇ ಬೇಡ, ಮೊನ್ನೆ ಆಗಿದ್ದೇ ಸಾಕು" ಅಂದಳು. ಎಲ್ಲರ ಮಾತನ್ನೂ ಹಾಗೇ ಬರೆದಿಟ್ಟರೆ ಆಸ್ಪತ್ರೆಯ ಮಿಷನ್ನುಗಳೆಲ್ಲ ಮುಟ್ಟಿದರೆ ಮುನಿಗಳಾಗಿಬಿಡುತ್ತಿದ್ದವು. ಅವಳು ಪ್ರಶ್ನೆಯನ್ನು ತಿರುಗಿಸಿ ಯಾವಾಗ ಮುಟ್ಟಬಹುದು ಎಂದು ಕೇಳಿದಳು. ಆಗ ಎಲ್ಲರೂ ಒಂದೇ ಬಾಯಲ್ಲಿ "ನಾನು ರಜೆ ಹಾಕಿದಾಗ" ಅಂದರು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಕೂತು ಯೋಚಿಸಿದರೆ, ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಯಾವ ಗಳಿಗೆಯಲ್ಲಿ ಯಾವ ರೋಗಿ ಬರುತ್ತಾನೆಂದು ಯಾರಿಗೆ ಗೊತ್ತು? ಮುಂಚೆಯೇ ಹೇಳು ಅಂದರೆ ಹೇಳಲಾಗದು, ಆ ಹೊತ್ತಿಗೆ ಹೇಳಬಹುದು. ಅಂತೂ ಪ್ರತಿ ವಿಭಾಗದ ಪರದೆಯ ಮೇಲೂ ಒಂದು ಗುಂಡಿ ಇಟ್ಟಳು. ಒಂದು ಸಲ ಒತ್ತಿದರೆ "ಈಗ ಬೇಡ," ಇನ್ನೊಂದು ಸಲ ಒತ್ತಿದರೆ "ಈಗ ಆಗಬಹುದು." ಬೇಡ ಅಂದರೆ ಕಾರಣವನ್ನೂ ಬರೆಯಬೇಕು. ಬರೆದದ್ದು ಮಿಷನ್ನಿನ ಪರಿಚಯದಲ್ಲೇ ಸೇರಿಕೊಳ್ಳುತ್ತದೆ, ಎಲ್ಲ ವಿಭಾಗದವರಿಗೂ ಕಾಣುತ್ತದೆ.

ಮೊದಲ ದಿನವೇ ಔಷಧಿ ಕೌಂಟರಿನವನು ಬೆಳಿಗ್ಗೆ ಬೇಡ ಎಂದು ಒತ್ತಿದವನು ಸಂಜೆಯಾದರೂ ತೆಗೆಯಲಿಲ್ಲ. ಕಾರಣದ ಜಾಗದಲ್ಲಿ "ಮುಖ್ಯ ಕೆಲಸ" ಎಂದಿತ್ತು. ಸರ್ವರಮ್ಮ ಸದ್ದಿಲ್ಲದೆ ಹೋಗಿ ಹಿಂದೆ ನಿಂತಳು. ಮಹಾಶಯ ಕ್ರಿಕೆಟ್ ನೋಡುತ್ತಿದ್ದ.

"ಇದೇನಾ ಮುಖ್ಯ ಕೆಲಸ?"

"ಕೊನೇ ಓವರ್ ಸರ್ವರಮ್ಮಾ, ಸ್ವಲ್ಪ ಸುಮ್ನಿರಿ!"

ಅವಳು ಅಲ್ಲೇ ಬಗ್ಗಿ "ಮುಖ್ಯ ಕೆಲಸ" ಅಳಿಸಿ "ಕ್ರಿಕೆಟ್" ಎಂದು ಟೈಪ್ ಮಾಡಿದಳು. ಇಡೀ ಆಸ್ಪತ್ರೆ ಅದನ್ನು ಓದಿತು. ಆಮೇಲೆ ಸುಳ್ಳು ಕಾರಣ ಬರೆಯುವ ಧೈರ್ಯ ಯಾರೂ ಮಾಡಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದಲೇ ಎಲ್ಲರೂ ಒಬ್ಬೊಬ್ಬರಾಗಿ ಗುಂಡಿಯ ರೂಢಿ ಮಾಡಿಕೊಂಡರು.

ಉಳಿದದ್ದು ಲ್ಯಾಬು. ಸರ್ವರಮ್ಮ ಬೇಕಂತಲೇ ಅದನ್ನು ಕೊನೆಗಿಟ್ಟುಕೊಂಡಿದ್ದಳು. ಹೆದರಿಕೆ ಅನ್ನಿ ಬೇಕಾದರೆ. ಒಂದು ಮಧ್ಯಾಹ್ನ ಒಳಗೆ ಹೋದಾಗ ನಾದಿನಿ ಕೈಗವಸು ಹಾಕಿಕೊಂಡು ಕೊಳವೆಗಳ ಮೇಲೆ ಚೀಟಿ ಅಂಟಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನಿನ್ನ ಮಿಷನ್ ವಿಷಯ ಕೇಳೋಣ ಅಂತ ಬಂದೆ ಕಣೇ."

"ಈಗ ಕೇಳ್ತೀರಾ? ಮೊದ್ಲು ಕೇಳ್ಬೇಕಿತ್ತು ಅತ್ತಿಗೆ."

"ಹೌದು. ಕೇಳ್ಬೇಕಿತ್ತು."

ನಾದಿನಿ ಜಗಳಕ್ಕೆ ತಯಾರಾಗಿದ್ದವಳು. ಎದುರಾಡದವಳ ಜೊತೆ ಜಗಳ ಹೇಗೆ ಆಡುವುದು? ಮತ್ತೊಂದು ಚೀಟಿ ಅಂಟಿಸಿ, ಆಮೇಲೆ ಹೇಳತೊಡಗಿದಳು. ದೊಡ್ಡಮ್ಮ ಬರೀ ರಿಪೋರ್ಟು ಕಳಿಸುವುದಿಲ್ಲ. ಯಾರಿಗಾದರೂ ತುರ್ತಾಗಿ ರಕ್ತ ಕೊಡಬೇಕಾದಾಗ, ಕೊಡುವ ರಕ್ತ ಆ ರೋಗಿಗೆ ಹೊಂದುತ್ತದೋ ಇಲ್ಲವೋ ಎಂದು ನೋಡುವ ಯಂತ್ರವೂ ದೊಡ್ಡಮ್ಮನಿಗೇ ಜೋಡಿಸಿದೆ. ಅರ್ಧದಲ್ಲಿ ನಿಂತರೆ ಮೊದಲಿನಿಂದ ಮಾಡಬೇಕು, ಅಷ್ಟು ಹೊತ್ತು ಆಪರೇಷನ್ ಮೇಜಿನ ಮೇಲೆ ಮಲಗಿರುವವರು ಕಾಯಬೇಕು. ಸರ್ವರಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಒಟ್ಟಿಗೆ ಉಂಡಿದ್ದಾರೆ. ನಿನ್ನ ಮಿಷನ್ನು ಏನು ಮಾಡುತ್ತದೆ ಎಂದು ಇವಳು ಕೇಳಿರಲಿಲ್ಲ. ಇವಳಿಗೆ ನಿಜಕ್ಕೂ ನಾಚಿಕೆಯಾಯಿತು. ಹೇಳಿದ್ದನ್ನೆಲ್ಲ ದೊಡ್ಡಮ್ಮನ ಪರಿಚಯದಲ್ಲಿ ಬರೆದಳು, ಗುಂಡಿಯನ್ನು ತೋರಿಸಿದಳು.

"ನೀನು ಬೇಡ ಅಂದ್ರೆ ಬೇಡ. ಯಾರು ಬಂದು ಹೇಳಿದ್ರೂ ನಾನು ಮುಟ್ಟಲ್ಲ."

ನಾದಿನಿ ತುಟಿ ಕೊಂಕಿಸಿದಳು. "ನೋಡೋಣ, ನಿರ್ದೇಶಕರು ಎದುರಿಗೆ ಕೂತಾಗ."

ಆ ಶುಕ್ರವಾರ ಬಂದೇ ಬಂತು. ನಿರ್ದೇಶಕರು ಕೋಟಿನ ಮೇಲೊಂದು ಶಾಲು ಹೊದ್ದುಕೊಂಡು ನೆಲಮಾಳಿಗೆಗೆ ಇಳಿದರು. ಏಜೆನ್ಸಿಯವನು ಒಪ್ಪಂದದ ಕಾಗದ ಹಿಡಿದು ಹಿಂದೆ ಬಂದ. ಇಬ್ಬರಿಗೂ ಕುರ್ಚಿ ಹಾಕಿ, ಸರ್ವರಮ್ಮ ನಿಂತುಕೊಂಡೇ ಗುಂಡಿ ಒತ್ತಿದಳು.

ಪರದೆಯ ಮೇಲೆ ಒಂದೊಂದೇ ಮಿಷನ್ನು ಬಾಯಿಬಿಟ್ಟಿತು. ದೊಡ್ಡಪ್ಪ: ಬಿಲ್ಲು, ಮುಟ್ಟಬಹುದು. ಅಪ್‌ಡೇಟ್ ಬಿತ್ತು, ಆರಿತು, ಹೊತ್ತಿತು. ಚಿಕ್ಕಮ್ಮ ಮೊದಲು ಬೇಡ ಅಂದಳು, ಹೊರರೋಗಿಗಳ ಸಾಲು ಕರಗಿದ ಮೇಲೆ ಆಗಬಹುದು ಅಂದಳು. ಮಾವನೂ ಹಾಗೇ. ಸಾಫ್ಟ್‌ವೇರು ಬೇಡ ಅಂದವರನ್ನು ಬಿಟ್ಟು ಮುಂದೆ ಹೋಗುತ್ತಿತ್ತು, ಮತ್ತೆ ಬಂದು ಕೇಳುತ್ತಿತ್ತು. ಷಡ್ಡಕನೂ ಗಲಾಟೆಯಿಲ್ಲದೆ ಮುಗಿಸಿದ. ಮೇಲಿನಿಂದ ಒಂದು ದೂರೂ ಬರಲಿಲ್ಲ. ನಿರ್ದೇಶಕರು "ಪರವಾಗಿಲ್ವೇ" ಅಂದರು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಉಳಿದದ್ದು ಒಂದೇ ಮಿಷನ್ನು.

ಅಷ್ಟರಲ್ಲಿ ದೊಡ್ಡಮ್ಮನ ಉತ್ತರ ಬಂತು: "ಈಗ ಬೇಡ. ಹೆರಿಗೆ ಕೇಸು. ರಕ್ತ ಹೊಂದಿಸುತ್ತಿದ್ದೇನೆ."

ಸಾಫ್ಟ್‌ವೇರು ಸ್ವಲ್ಪ ಬಿಟ್ಟು ಮತ್ತೆ ಕೇಳಿತು. ಈಗ ಬೇಡ. ಮತ್ತೆ ಕೇಳಿತು. ಈಗ ಬೇಡ. ನಿರ್ದೇಶಕರು ಗಡಿಯಾರ ನೋಡಿದರು, ಒಪ್ಪಂದದ ಕಾಗದ ನೋಡಿದರು, ಅವಳನ್ನು ನೋಡಿದರು.

ಏಜೆನ್ಸಿಯವನು ಕುರ್ಚಿಯಲ್ಲಿ ಮುಂದೆ ಬಾಗಿದ. "ಮೇಡಂ, ಇದನ್ನ ದಾಟಿಕೊಂಡು ಹೋಗೋ ದಾರಿ ಇಟ್ಟಿರ್ತೀರಲ್ಲ? ಕೇಳದೇನೇ ಹಾಕೋ ಹಾಗೆ?"

"ಇದೆ. ಆ ಕೆಂಪು ಗುಂಡಿ."

"ಮತ್ತೆ ಒತ್ತಿ. ಒಂದಕ್ಕೋಸ್ಕರ ಯಾಕೆ ಕೂತಿದ್ದೀರಿ?"

ನಿರ್ದೇಶಕರೂ ಅಂದರು, ಸ್ವಲ್ಪ ಅಳುಕುತ್ತಲೇ: "ಆರಿಸಿ ಹೊತ್ತಿಸೋಕೆ ಎಷ್ಟು ಹೊತ್ತಮ್ಮಾ? ಬೇಗ ಆಗೋದಾದ್ರೆ ಮುಗಿಸಿಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಸರ್ವರಮ್ಮನ ಕೈ ಕೆಂಪು ಗುಂಡಿಯ ಹತ್ತಿರವೇ ಇತ್ತು. ಒಂದು ಬೆರಳು. ಒತ್ತಿದರೆ ಕೋಣೆ ಅವಳದು, ಬೀಗದ ಕೈ ಅವಳದು, ನಾಳೆಯೂ ಸ್ವೆಟರು ಹಾಕಿಕೊಂಡು ಇಲ್ಲೇ ಕೂರಬಹುದು. ಮಿಷನ್ನು ಬೇಗ ಎದ್ದರೂ ಎದ್ದೀತು. ಏಳದೆಯೂ ಇದ್ದೀತು, ಹಳೇ ಜೀವ. ಮೇಲೆ ಯಾರೋ ಒಬ್ಬಳು ಮಲಗಿದ್ದಾಳೆ, ಇವಳು ಕಂಡವಳಲ್ಲ, ಹೆಸರೂ ಗೊತ್ತಿಲ್ಲ. ಅಳು ಬರುವ ಹಾಗಾಯಿತು, ಬರಗೊಡಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

"ಒತ್ತಲ್ಲ ಸರ್. ಅವಳು ಬೇಡ ಅಂದಿದ್ದಾಳೆ."

"ಐದಾಗ್ತಾ ಬಂತು."

"ಆಗ್ಲಿ ಸರ್. ಐದಾದ್ರೆ ನೀವು ಸಹಿ ಹಾಕಿ. ನಾನು ಕೌಂಟರ್‌ಗೆ ಹೋಗ್ತೀನಿ. ಇದನ್ನ ಮಾತ್ರ ನಾನು ಒತ್ತಲ್ಲ."

ಐದಾಯಿತು. ಗೋಡೆಯಾಚೆ ಬೆಡ್‌ಶೀಟುಗಳು ದಬದಬ ತಿರುಗುತ್ತಿದ್ದವು. ಏಜೆನ್ಸಿಯವನು ಕಾಗದ ಬಿಡಿಸಿ ಮೇಜಿನ ಮೇಲಿಟ್ಟು ಪೆನ್ನು ತೆಗೆದುಕೊಟ್ಟ. ನಿರ್ದೇಶಕರು ಪೆನ್ನು ಹಿಡಿದರು, ಬರೆಯಲಿಲ್ಲ. ಪರದೆಯ ಮೇಲೆ "ಈಗ ಬೇಡ" ಎಂಬುದು ಮತ್ತೊಮ್ಮೆ ಮೂಡಿತು.

ಸಾಕಷ್ಟು ಹೊತ್ತಾದ ಮೇಲೆ ಆ ಸಾಲು ಬದಲಾಯಿತು. "ರಕ್ತ ಮೇಲೆ ಹೋಯಿತು. ಈಗ ಆಗಬಹುದು." ಸಾಫ್ಟ್‌ವೇರು ದೊಡ್ಡಮ್ಮನ ಬಾಗಿಲು ತಟ್ಟಿತು. ಅವಳ ಮೆಮೊರಿ ಎಷ್ಟೆಂದು ಅವಳನ್ನೇ ಕೇಳಿತು, ಅಷ್ಟಕ್ಕೆ ತಕ್ಕಂತೆ ಹಾಕಿತು. ದೊಡ್ಡಮ್ಮ ಆರಿದಳು. ಆರಿಯೇ ಇದ್ದಳು, ಇದ್ದಳು, ಸರ್ವರಮ್ಮ ಕಾದೇ ಕಾದಳು. ಅಂತೂ ಕೊನೆಗೆ ಮುದುಕಿ ಎದ್ದು ಕೂತಳು.

"ಇಷ್ಟು ಹೊತ್ತು ಏಳಲ್ವಾ ಇದು?" ಎಂದರು ನಿರ್ದೇಶಕರು. ಅವರ ಮುಖದ ಬಣ್ಣ ಇಳಿದಿತ್ತು. ಏಜೆನ್ಸಿಯವನ ಕಡೆ ತಿರುಗಿ, "ನಿಮ್ಮವರ ಕೈಯಲ್ಲಿ ಇದ್ದಿದ್ರೆ ಇವತ್ತು ಏನು ಮಾಡಿರ್ತಿದ್ರಿ?" ಎಂದು ಕೇಳಿದರು.

ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ: "ಐದಕ್ಕೆ ಸರಿಯಾಗಿ ಮುಗಿಸಿರ್ತಿದ್ವಿ ಸರ್. ಒಂದು ನಿಮಿಷ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ನಮ್ಮಲ್ಲಿ ಹೀಗೆ ಯಾರನ್ನೂ ಕೇಳ್ತಾ ಕೂರಲ್ಲ."

ನಿರ್ದೇಶಕರು ಪೆನ್ನಿನ ಮುಚ್ಚಳ ಹಾಕಿ ಅವನ ಕೈಗೇ ವಾಪಸು ಕೊಟ್ಟರು. ಕಾಗದವನ್ನೂ ಮಡಚಿ ಕೊಟ್ಟರು. ಬಾಗಿಲ ಹತ್ತಿರ ಹೋದವರು ನಿಂತು, "ಗಡುವು ತಪ್ಪಿತು, ಅದಕ್ಕೊಂದು ವಿವರಣೆ ಬೇಕಾಗುತ್ತೆ ಫೈಲಿಗೆ. ಲ್ಯಾಬ್‌ನವರು ಬೇಡ ಅಂದ್ರು ಅಂತ ಬರೀರಿ, ಸಾಕು. ಸೋಮವಾರ ಬಂದು ನನ್ನ ಕಣ್ಣಿನ ವಿಭಾಗಕ್ಕೂ ಆ ಗುಂಡಿ ಹಾಕಿಕೊಡಿ" ಎಂದು ಮೆಟ್ಟಿಲು ಹತ್ತಿದರು. ಏಜೆನ್ಸಿಯವನಿಗೆ ತಾನು ಏನು ತಪ್ಪು ಮಾತಾಡಿದೆನೆಂದು ತಿಳಿಯಲೇ ಇಲ್ಲ, ಪಾಪ. ಅವನೂ ಹಿಂದೆ ಹೋದ.

ಸರ್ವರಮ್ಮ ಆಗ ಕುರ್ಚಿಯಲ್ಲಿ ಕುಸಿದು ಕೂತಳು. ಅಲ್ಲಿಯವರೆಗೆ ತಡೆದಿಟ್ಟುಕೊಂಡ ಅಳುವೆಲ್ಲ ಒಂದೇ ಸಲ ಬಂತು, ಬರಲಿ ಎಂದು ಬಿಟ್ಟಳು. ಕಣ್ಣೊರೆಸಿಕೊಂಡು ತಲೆ ಎತ್ತಿದರೆ ಬಾಗಿಲಲ್ಲಿ ನಾದಿನಿ. ಬಿಳಿ ಕೋಟು ತೆಗೆದಿರಲಿಲ್ಲ, ಏದುಸಿರು ಬಿಡುತ್ತಿದ್ದಳು.

"ಮೇಲೆ ಆಕೆ ಹೇಗಿದ್ದಾಳೆ?" ಎಂದಳು ಸರ್ವರಮ್ಮ.

"ಉಳ್ಕೊಂಡ್ಲು. ಮಗುಗೂ ಏನೂ ತೊಂದ್ರೆ ಇಲ್ಲ." ನಾದಿನಿ ಒಳಗೆ ಬಂದು ನಿರ್ದೇಶಕರು ಬಿಟ್ಟುಹೋದ ಕುರ್ಚಿಯಲ್ಲಿ ಕೂತಳು. "ಅತ್ತಿಗೆ, ಒಂದು ಮಾತು. ಬೇಡ ಅಂತ ಒತ್ತಿದ್ನಲ್ಲ, ಆದ್ರೆ ನಂಬ್ಲಿಲ್ಲ. ಇನ್ನೇನು ಇವರು ಆರಿಸೇ ಆರಿಸ್ತಾರೆ ಅಂದ್ಕೊಂಡು, ಒಂದು ಕಡೆ ಮಿಷನ್‌ನಲ್ಲಿ ಹಾಕಿ ಇನ್ನೊಂದು ಕಡೆ ಕೈಯಲ್ಲೂ ಮಾಡ್ತಾನೇ ಇದ್ದೆ. ಪ್ರತಿ ಸಲ ಐದು ಐದು ಅಂತ ಗಡಿಯಾರ ನೋಡೋದು, ಪರದೆ ನೋಡೋದು. ಐದು ದಾಟ್ತು. ಪರದೆ ಹಾಗೇ ಇತ್ತು. ಇನ್ಮೇಲೆ ಕೈಯಲ್ಲಿ ಮಾಡಲ್ಲ ನಾನು."

ಸರ್ವರಮ್ಮ ತನ್ನ ಸ್ವೆಟರು ಬಿಚ್ಚಿ, ಚಳಿಗೆ ನಡುಗುತ್ತಿದ್ದ ನಾದಿನಿಯ ಹೆಗಲಿಗೆ ಹೊದಿಸಿದಳು.

"ಮಾಡು ಕಣೇ," ಎಂದಳು. "ನಾನೇನು ದೇವರಾ?"